ಕಡಿಮೆ ರೊಕ್ಕದಾಗ ಹಳೇ ಸ್ಪೋರ್ಟಿ ಕಾರು ಬೇಕಾ? ಬಾನೆಟ್ ಎತ್ತೋ ಮುಂಚೆ ಆರ್‌ಸಿ ನೋಡ್ರಿ

ಭೂತನಾಳ (ವಿಜಯಪುರ): ಭಾನುವಾರ ಸಂಜೆ ಭೂತನಾಳ ಕೆರೆ ಕಡೆ ಹೋದರೆ ಹೊಸ ಎಸ್‌ಯುವಿಗಳ ನಡುವೆ ಒಂದೊಂದು ಹಳೇ ಗಾಡಿ ಕಣ್ಣಿಗೆ ಬೀಳುತ್ತದೆ. ಅಲಾಯ್ ಚಕ್ರ ಹಾಕಿದ ಝೆನ್, ಹೊಸ ಬಣ್ಣ ಹೊಡೆಸಿಕೊಂಡ ಎಸ್ಟೀಮ್, ಅಪರೂಪಕ್ಕೊಮ್ಮೆ ಮೊದಲ ಮಾದರಿಯ ಹೋಂಡಾ ಸಿಟಿ. ಮೊಬೈಲ್‌ನಾಗ ರೀಲ್ಸ್ ನೋಡಿ ‘ನಮಗೂ ಒಂದು ಪ್ರಾಜೆಕ್ಟ್ ಕಾರ್ ಬೇಕು’ ಅನ್ನೋ ಹುಡುಗರು ನಗರದಾಗೂ ಅದಾರ, ತಿಕೋಟಾ, ಬಬಲೇಶ್ವರ ಕಡೆ ಹಳ್ಳಿಗಳಾಗೂ ಅದಾರ. ಪ್ರಾಜೆಕ್ಟ್ ಕಾರ್ ಅಂದ್ರ ಬೇರೇನಲ್ಲ. ಕಡಿಮೆ ಬೆಲೆಗೆ ಹಳೇ ಗಾಡಿ ತಂದು, ಕೈಯಾಗ ರೊಕ್ಕ ಬಂದಂಗ ಒಂದೊಂದೇ ರಿಪೇರಿ ಮಾಡಿಸಿ, ದಿನಾ ರಸ್ತೆ ಮ್ಯಾಲೆ ಓಡಿಸೋ ಹಂಗ ಮಾಡೋದು.

ಆಸೆ ತಪ್ಪಲ್ಲ. ಆದರೆ ದ್ರಾಕ್ಷಿ ಸೀಸನ್ನಿನ ರೊಕ್ಕ, ಡ್ರೈವಿಂಗ್ ಮಾಡಿ ಕೂಡಿಸಿದ ರೊಕ್ಕ ಹಾಕಿ ತಂದ ಗಾಡಿ ಹಿತ್ತಲಲ್ಲಿ ತಾಡಪತ್ರಿ ಹೊದ್ದುಕೊಂಡು ನಿಂತರೆ ಕಷ್ಟ. ಹೀಗೆ ಗಾಡಿ ನಿಲ್ಲೋದಕ್ಕೆ ಇಂಜಿನ್ ಒಂದೇ ಕಾರಣ ಅಲ್ಲ. ಇಂಜಿನ್ ಕೆಟ್ಟರೆ ಮಿಸ್ತ್ರಿ ಅದಾನ. ಕಾಗದ ಕೆಟ್ಟರೆ ಯಾವ ಮಿಸ್ತ್ರಿ ಕೈಯಾಗೂ ಆಗಂಗಿಲ್ಲ. ಗಾಡಿ ನೋಡಲು ಹೋದಾಗ ಎಲ್ಲರೂ ಮೊದಲು ಬಾನೆಟ್ ಎತ್ತುತ್ತಾರೆ. ಮೊದಲು ನೋಡಬೇಕಾದದ್ದು ಆರ್‌ಸಿ. ಮೊದಲು ಕಾಗದ, ಆಮೇಲೆ ಪತ್ರಾ, ಕೊನೆಗೆ ಇಂಜಿನ್. ಈ ಕ್ರಮದಲ್ಲಿ ನೋಡಿದರೆ ಯಾವ ಗಾಡಿ ತಗೋಬೇಕು, ಯಾವುದು ಬಿಡಬೇಕು ಅನ್ನೋದು ತಾನೇ ಗೊತ್ತಾಗುತ್ತದೆ.

ನಮ್ಮಲ್ಲಿ ಸ್ಪೋರ್ಟ್ಸ್ ಕಾರು ಅಂದ್ರ ಯಾವುದು?

ಎರಡು ಸೀಟಿನ ಅಸಲಿ ಸ್ಪೋರ್ಟ್ಸ್ ಕಾರು ನಮ್ಮ ದೇಶದಲ್ಲಿ ತಯಾರಾದದ್ದು ಬೆರಳೆಣಿಕೆಯಷ್ಟು. 1990ರ ದಶಕದ ಕೊನೆಗೆ ಬೆಂಗಳೂರಿನ ಸ್ಯಾನ್ ಕಂಪನಿ ‘ಸ್ಟಾರ್ಮ್’ ಎಂಬ ಪುಟ್ಟ ಕಾರನ್ನು ತಂದಿತ್ತು. ಗೋವಾದಲ್ಲಿ ತಯಾರಾಗುತ್ತಿದ್ದ ಅದಕ್ಕೆ ಫೈಬರ್ ಬಾಡಿ, ರೆನೋ ಕಂಪನಿಯ ಸಣ್ಣ ಪೆಟ್ರೋಲ್ ಇಂಜಿನ್. ಮಾರಾಟವಾದದ್ದು ಬಹಳ ಕಡಿಮೆ, ಈಗ ಸಿಗೋದೂ ಅಪರೂಪ. ಹೊರದೇಶಗಳಲ್ಲಿ 1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5 ಥರದ ಕಾರನ್ನು ಹುಡುಗರು ಹಳೇದು ಕೊಂಡು ಮನೆಯಲ್ಲೇ ರಿಪೇರಿ ಮಾಡ್ತಾರ. ಅಂಥ ಗಾಡಿ ನಾವು ತರಿಸೋಣ ಅಂದ್ರ ಆಗಂಗಿಲ್ಲ. ತಯಾರಾಗಿ 3 ವರ್ಷ ಮೀರಿದ ಸೆಕೆಂಡ್ ಹ್ಯಾಂಡ್ ಕಾರನ್ನು ಸಾಮಾನ್ಯವಾಗಿ ಆಮದು ಮಾಡಿಕೊಳ್ಳಲು ನಮ್ಮ ದೇಶದಲ್ಲಿ ಅವಕಾಶ ಇಲ್ಲ. ಸುಂಕವೂ ಗಾಡಿ ಬೆಲೆಯನ್ನು ಮೀರಿಸೋ ಹಂಗ ಇರುತ್ತದೆ.

ಹಾಗಾಗಿ ನಮ್ಮ ಪಾಲಿಗೆ ಸ್ಪೋರ್ಟ್ಸ್ ಕಾರು ಅಂದ್ರ 1990ರಿಂದ 2005ರ ನಡುವೆ ಬಂದ, ತೂಕ ಕಡಿಮೆ ಇರೋ, ಸ್ಟೇರಿಂಗ್ ತಿರುಗಿಸಿದ ಕೂಡಲೇ ತಿರುಗೋ ಪೆಟ್ರೋಲ್ ಕಾರು. ಈಗಿನ ಕಾರುಗಳು ಏರ್‌ಬ್ಯಾಗ್, ಗಟ್ಟಿ ಬಾಡಿ, ಎಸಿ, ಸ್ಕ್ರೀನ್ ಎಲ್ಲಾ ಸೇರಿ ತೂಕ ಆಗ್ಯಾವ. ಆಗಿನ ಝೆನ್, ಎಸ್ಟೀಮ್ ಒಂದು ಟನ್ನಿಗಿಂತ ಕಡಿಮೆ. ಅದಕ್ಕೇ 60 ಬಿಎಚ್‌ಪಿ ಇದ್ದರೂ ಚುರುಕು ಅನಿಸುತ್ತವೆ. ಆದರೆ ತೂಕ ಕಡಿಮೆ ಅಂದ್ರ ಅಪಘಾತದಾಗ ರಕ್ಷಣೆಯೂ ಕಡಿಮೆ. ಈ ಗಾಡಿಗಳಲ್ಲಿ ಬಹುತೇಕಕ್ಕೆ ಏರ್‌ಬ್ಯಾಗೂ ಇಲ್ಲ, ಎಬಿಎಸ್ಸೂ ಇಲ್ಲ. ಇದನ್ನು ತಿಳಿದೇ ತಗೋಬೇಕು.

ಯಾವ ಗಾಡಿ, ಏನು ಗುಣ, ಏನು ದೋಷ

ಮಾರುತಿ ಝೆನ್: 1993ರಲ್ಲಿ ಬಂತು. 993 ಸಿಸಿ ಅಲ್ಯೂಮಿನಿಯಂ ಇಂಜಿನ್. ಕಾರ್ಬುರೇಟರ್ ಇದ್ದಾಗ ಸುಮಾರು 50 ಬಿಎಚ್‌ಪಿ, ನಂತರದ ಎಂಪಿಎಫ್‌ಐ ಗಾಡಿಗಳಲ್ಲಿ ಸುಮಾರು 60. ತಗ್ಗಿದ ಬಾಡಿ, ಸಣ್ಣ ಗಾತ್ರ. ಗಾಂಧಿ ಚೌಕದ ಗದ್ದಲದಾಗೂ ನುಸುಳುತ್ತದೆ. ಎತ್ತರದವರಿಗೆ ಒಳಗೆ ಇಕ್ಕಟ್ಟು. ಅಲ್ಯೂಮಿನಿಯಂ ಇಂಜಿನ್ ಒಮ್ಮೆ ಬಿಸಿಯಾಗಿ ‘ಸೀಜ್’ ಆಗಿದ್ದರೆ ಖರ್ಚು ಜಾಸ್ತಿ.

ಮಾರುತಿ ಎಸ್ಟೀಮ್: 1994ರಲ್ಲಿ ಬಂತು. 1,298 ಸಿಸಿ. ಮೊದಲು 65 ಬಿಎಚ್‌ಪಿ, ಆಮೇಲೆ ಬಂದ 16 ವಾಲ್ವ್ ಎಂಪಿಎಫ್‌ಐನಲ್ಲಿ 85. ನೋಡಲು ಮಾಮೂಲಿ ಮನೆ ಗಾಡಿ. ಆದರೆ ನಮ್ಮ ದೇಶದ ರ‍್ಯಾಲಿಗಳಲ್ಲಿ ಇದು ಬಹಳ ವರ್ಷ ಓಡಿದೆ. ಹೈವೇಗೆ ಝೆನ್‌ಗಿಂತ ವಾಸಿ. ಪತ್ರಾ ತೆಳುವು, ತುಕ್ಕು ನೋಡಿ ತಗೋಬೇಕು.

ಹೋಂಡಾ ಸಿಟಿ ವಿಟೆಕ್: ಸಿಟಿ ನಮ್ಮ ದೇಶಕ್ಕೆ ಬಂದದ್ದು 1998ರಲ್ಲಿ. 2000ದ ಹೊತ್ತಿಗೆ ಬಂದ 1.5 ಲೀಟರ್ ವಿಟೆಕ್ ಇಂಜಿನ್ 106 ಬಿಎಚ್‌ಪಿ ಕೊಡುತ್ತಿತ್ತು. ಕಾರುಪ್ರೇಮಿಗಳು ಈಗಲೂ ಹುಡುಕೋ ಗಾಡಿ ಇದು. ಅದೇ ದೋಷವೂ ಹೌದು. ಒಳ್ಳೇದು ಇದ್ದವರು ಮಾರಂಗಿಲ್ಲ, ಮಾರಾಟಕ್ಕೆ ಬಂದವುಗಳಲ್ಲಿ ಬಹಳಷ್ಟನ್ನು ಹುಡುಗರು ದಮ್ಮು ಕೀಳಿಸಿರುತ್ತಾರೆ. ಬಾಡಿ ನೆಲಕ್ಕೆ ಹತ್ತಿರ. ನಮ್ಮ ಹಳ್ಳಿ ಹಂಪುಗಳಿಗೆ ಕೆಳಭಾಗ ತಾಗುತ್ತದೆ.

ಫೋರ್ಡ್ ಐಕಾನ್ 1.6, ಫಿಯಟ್ ಪ್ಯಾಲಿಯೊ 1.6, ಮಾರುತಿ ಬಲೆನೊ ಸೆಡಾನ್: ಮೂರಕ್ಕೂ 1,600 ಸಿಸಿ ಹತ್ತಿರದ ಇಂಜಿನ್, 90ರಿಂದ 100 ಬಿಎಚ್‌ಪಿ. ಓಡಿಸಲು ಮಜಾ. ಆದರೆ ಫೋರ್ಡ್ 2021ರಲ್ಲಿ ನಮ್ಮ ದೇಶದಲ್ಲಿ ಕಾರು ತಯಾರಿಕೆ ನಿಲ್ಲಿಸುವ ನಿರ್ಧಾರ ಪ್ರಕಟಿಸಿತು. ಫಿಯಟ್ ಹೆಸರಿನ ಕಾರುಗಳೂ ಶೋರೂಮಿನಲ್ಲಿಲ್ಲ. ಬಿಡಿಭಾಗಕ್ಕೆ ಪುಣೆ, ಬೆಂಗಳೂರಿಗೆ ಫೋನ್ ಹಚ್ಚುತ್ತಾ ಕೂರಬೇಕು. ಬಲೆನೊ ಮಾರುತಿಯದೇ ಆದರೂ ಮಾರಾಟ ಆದದ್ದು ಕಡಿಮೆ.

ಕಾಂಟೆಸಾ, ಪದ್ಮಿನಿ: ನೋಟಕ್ಕೆ ಇವಕ್ಕೆ ಸಾಟಿ ಇಲ್ಲ. 1984ರ ಹೊತ್ತಿಗೆ ಬಂದ ಕಾಂಟೆಸಾಕ್ಕೆ ಮೊದಲು ಇದ್ದದ್ದು ಅಂಬಾಸಿಡರ್ ಮೂಲದ 1,489 ಸಿಸಿ ಇಂಜಿನ್. ಭಾರೀ ಬಾಡಿಗೆ ಅದು ಸಾಲುತ್ತಿರಲಿಲ್ಲ. ಆಮೇಲೆ ಬಂದ ಇಸುಝು 1.8 ಪೆಟ್ರೋಲ್ ಗಾಡಿಯೇ ಬೇಡಿಕೆಯದ್ದು. ಪದ್ಮಿನಿ 1,089 ಸಿಸಿ, ಸುಮಾರು 40 ಬಿಎಚ್‌ಪಿ. ಮುಂಬೈಯಲ್ಲಿ ಕಪ್ಪು-ಹಳದಿ ಟ್ಯಾಕ್ಸಿಯಾಗಿ 2023ರ ಅಕ್ಟೋಬರ್‌ವರೆಗೂ ಓಡಿತು. ಇವು ನಿಧಾನ ಓಡಿಸಿ ಸುಖಪಡೋ ಗಾಡಿ. ಮೊದಲ ಸಲ ಕೊಳ್ಳೋರಿಗೆ, ದಿನಾ ಕೆಲಸಕ್ಕೆ ಹೋಗೋರಿಗೆ ಅಲ್ಲ.

ಕಾರು ನಿಂತರೂ ಇಂಜಿನ್ ನಿಲ್ಲಬಾರದು

ಆಯ್ಕೆಗೆ ಒಂದು ಸುಲಭ ಸೂತ್ರ ಐತಿ. ಕಾರು ಬಂದಾಗಿರಬಹುದು, ಅದರ ಇಂಜಿನ್ ಬೇರೆ ಗಾಡಿಯಾಗ ಎಷ್ಟು ವರ್ಷ ಮುಂದುವರಿಯಿತು ಅಂತ ನೋಡ್ರಿ. ಎಸ್ಟೀಮ್ 2007ರ ಸುಮಾರಿಗೆ ನಿಂತಿತು. ಆದರೆ ಅದೇ ಜಿ13 ಜಾತಿಯ 1.3 ಇಂಜಿನ್ ಮೊದಲ ಸ್ವಿಫ್ಟ್‌ನಲ್ಲಿ ಬಂತು, ಜಿಪ್ಸಿಯಲ್ಲಿ ಇನ್ನೂ ಹತ್ತು ವರ್ಷ ಓಡಿತು. ಮಾರುತಿ 800 ನಿಂತದ್ದು 2014ರಲ್ಲಿ, ಅದೇ 796 ಸಿಸಿ ಇಂಜಿನ್ ಓಮ್ನಿಯಲ್ಲಿ 2019ರವರೆಗೂ ಇತ್ತು. ಎಲ್ಲಾ ಭಾಗ ಒಂದಕ್ಕೊಂದು ಕೂಡೋದಿಲ್ಲ, ಆದರೆ ಬೆಲ್ಟ್, ಗ್ಯಾಸ್ಕೆಟ್, ಪಂಪ್, ಸೀಲ್ ಥರದ ಸಾಮಾನು ನಗರದಲ್ಲೇ ಸಿಗುವ ಸಂಭವ ಜಾಸ್ತಿ. ಮಿಸ್ತ್ರಿಗೂ ಆ ಇಂಜಿನ್ ಕೈಗೆ ಕುಂತಿರುತ್ತದೆ.

ಅದಕ್ಕೆ ಗಾಡಿ ಒಪ್ಪೋ ಮುಂಚೆ ಮೂರು ಸಾಮಾನಿನ ಹೆಸರು ಬರೆದುಕೊಂಡು ಅಂಗಡಿಗೆ ಹೋಗ್ರಿ: ಹೆಡ್‌ಲೈಟ್, ಮುಂದಿನ ವಿಂಡ್‌ಶೀಲ್ಡ್ ಗಾಜು, ಬ್ರೇಕ್ ಮಾಸ್ಟರ್ ಸಿಲಿಂಡರ್. ಈ ಮೂರು ಎಷ್ಟು ದಿನಕ್ಕೆ ಬರ್ತಾವ, ಎಷ್ಟು ರೊಕ್ಕ ಅಂತ ಕೇಳ್ರಿ. ‘ನೋಡೋಣ, ತರಿಸಬೇಕಾಗ್ತದ’ ಅಂತ ಉತ್ತರ ಬಂದರೆ ಗಾಡಿ ಬೆಲೆ ಎಷ್ಟೇ ಅಗ್ಗ ಇದ್ದರೂ ಅದು ಅಗ್ಗದ ಗಾಡಿ ಅಲ್ಲ.

ಮೊದಲು ಕಾಗದ: ಈ ಲೆಕ್ಕ ಹಾಕ್ರಿ

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಇರುತ್ತದೆ. ಆಮೇಲೆ ಗಾಡಿ ತಪಾಸಣೆ ಮಾಡಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಮೊದಲು 600 ರೂಪಾಯಿ ಇದ್ದ ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್ 1ರಿಂದ 5,000 ರೂಪಾಯಿ ಆಯಿತು. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮತ್ತೊಂದು ಅಧಿಸೂಚನೆ ಹೊರಡಿಸಿ, 20 ವರ್ಷ ದಾಟಿದ ಕಾರಿಗೆ 10,000 ರೂಪಾಯಿ ಮಾಡಿದೆ. ಮೇಲೆ ಹೇಳಿದ ಗಾಡಿಗಳಲ್ಲಿ ಬಹುತೇಕ ಈಗ 20 ದಾಟಿದವೇ. ಅವಧಿ ಮುಗಿದ ಮೇಲೆ ತಡ ಮಾಡಿದರೆ ಕಾರಿಗೆ ತಿಂಗಳಿಗೆ 500 ರೂಪಾಯಿ ಹೆಚ್ಚುವರಿ. ಇದರ ಮೇಲೆ ರಾಜ್ಯದ ಹಸಿರು ತೆರಿಗೆ ಬೇರೆ.

ಇನ್ನು ವಿಮೆ. ಥರ್ಡ್ ಪಾರ್ಟಿ ವಿಮೆ ಕಡ್ಡಾಯ. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದ ಪ್ರಕಾರ ವರ್ಷಕ್ಕೆ 1,000 ಸಿಸಿ ಒಳಗಿನ ಕಾರಿಗೆ 2,094 ರೂ., 1,000ದಿಂದ 1,500 ಸಿಸಿಗೆ 3,416 ರೂ., 1,500 ಸಿಸಿ ಮೀರಿದರೆ 7,897 ರೂ. ಇದಕ್ಕೆ ಶೇ 18 ಜಿಎಸ್‌ಟಿ ಕೂಡುತ್ತದೆ. ಇಲ್ಲೇ ನೋಡ್ರಿ: ಸಿಟಿ 1.5ಕ್ಕೂ ಐಕಾನ್ 1.6ಕ್ಕೂ ಇಂಜಿನ್‌ನಲ್ಲಿ ವ್ಯತ್ಯಾಸ ನೂರು ಸಿಸಿ. ವಿಮೆಯಲ್ಲಿ ಮಾತ್ರ ದುಪ್ಪಟ್ಟಿಗಿಂತ ಜಾಸ್ತಿ, ಅದೂ ಪ್ರತಿ ವರ್ಷ.

ಉದಾಹರಣೆಗೆ ಒಂದು ಲೆಕ್ಕ. 2003ರ ಎಸ್ಟೀಮ್, ಆರ್‌ಸಿ ಅವಧಿ ಮುಗಿದು 3 ವರ್ಷ ಆಗಿದೆ ಅಂದುಕೊಳ್ಳಿ.

ನವೀಕರಣ ಶುಲ್ಕ: 10,000 ರೂ.
ತಡದ ಶುಲ್ಕ, 36 ತಿಂಗಳಿಗೆ: 18,000 ರೂ.
ಥರ್ಡ್ ಪಾರ್ಟಿ ವಿಮೆ, ಜಿಎಸ್‌ಟಿ ಸೇರಿ: 4,031 ರೂ.
ಒಟ್ಟು: 32,031 ರೂ.

ಹಸಿರು ತೆರಿಗೆ, ಹೊಗೆ ತಪಾಸಣೆ, ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟು, ಹೆಸರು ವರ್ಗಾವಣೆ ಇದರಲ್ಲಿ ಸೇರಿಲ್ಲ. ಒಂದು ಸ್ಕ್ರೂ ಬಿಗಿ ಮಾಡೋ ಮುಂಚೆನೇ ಇಷ್ಟು ಹೋಯಿತು. ಅದಕ್ಕೇ ಆರ್‌ಸಿ ಜೀವಂತ ಇರೋ ಗಾಡಿಗೆ ಮೂವತ್ತು ಸಾವಿರ ಹೆಚ್ಚು ಕೊಟ್ಟರೂ ನಷ್ಟ ಇಲ್ಲ.

ಸೋಲಾಪುರದ ಗಾಡಿ ಅಗ್ಗ ಯಾಕೆ?

ನಮ್ಮ ಜಿಲ್ಲೆಯವರಿಗೆ ಸೋಲಾಪುರ ನೂರು ಕಿಲೋಮೀಟರ್. ಸಾಂಗ್ಲಿ, ಕೊಲ್ಹಾಪುರವೂ ದೂರ ಅಲ್ಲ. ಎಂಎಚ್ ನಂಬರಿನ ಹಳೇ ಕಾರು ಅಗ್ಗಕ್ಕೆ ಸಿಕ್ಕಿತು ಅಂತ ತರೋರು ಬಹಳ. ಬೆಲೆಯ ಹಿಂದಿನ ಲೆಕ್ಕ ಹೀಗಿದೆ: ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರ್ ಪಡೆಯಲೇಬೇಕು. ಅದಕ್ಕೆ ಆ ಊರಿನ ಆರ್‌ಟಿಒದಿಂದ ಎನ್‌ಒಸಿ, ಅಂದ್ರ ಫಾರಂ 28 ಬೇಕು. ಗಾಡಿಯ ವಯಸ್ಸು, ಬೆಲೆ ನೋಡಿ ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಬೇಕು. ಈ ತೆರಿಗೆ ಎಷ್ಟು ಅನ್ನೋದನ್ನು ಆರ್‌ಸಿ ಪ್ರತಿ ತೋರಿಸಿ ವಿಜಯಪುರ ಆರ್‌ಟಿಒ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ. ದಿಲ್ಲಿ ಭಾಗದ ಗಾಡಿಗಳು ಇನ್ನೂ ಅಗ್ಗ ಕಾಣುತ್ತವೆ. ಅಲ್ಲಿ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಗಾಡಿಗಳ ಮೇಲೆ ನಿರ್ಬಂಧ ಬಂದದ್ದೇ ಅದಕ್ಕೆ ಕಾರಣ. ಎನ್‌ಒಸಿ ಕೈಗೆ ಬಾರದೆ ಅಂಥ ಗಾಡಿಗೆ ಮುಂಗಡ ಕೊಡಬ್ಯಾಡ್ರಿ.

‘ಹೆಸರು ಬದಲಾವಣೆ ಆಮೇಲೆ ಮಾಡಿದ್ರಾತು, ಸಹಿ ಹಾಕಿದ ಫಾರಂ ಕೊಡ್ತೀನಿ’ ಅನ್ನೋ ಮಾತು ಎಲ್ಲಾ ದಲಾಲರ ಬಾಯಲ್ಲೂ ಇರುತ್ತದೆ. ಇದು ಮಾರುವವರಿಗೂ ಅಪಾಯ, ಕೊಳ್ಳುವವರಿಗೂ ಅಪಾಯ. ಆರ್‌ಸಿಯಲ್ಲಿ ಯಾರ ಹೆಸರು ಇದೆಯೋ ಅಪಘಾತ ಪರಿಹಾರಕ್ಕೆ ಅವರೇ ಮಾಲೀಕರು ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಂದ್ರ ನಿಮ್ಮ ಅಪ್ಪ ಐದು ವರ್ಷದ ಹಿಂದೆ ಮಾರಿದ ಗಾಡಿ ಯಾರಿಗೋ ಬಡಿದರೆ ನೋಟಿಸ್ ನಿಮ್ಮ ಮನೆಗೆ ಬರಬಹುದು. ಫಾರಂ 29, 30ಕ್ಕೆ ಇಬ್ಬರೂ ಸಹಿ ಮಾಡಿ ಅರ್ಜಿ ಹಾಕಿದ ಮೇಲೇ ಬಾಕಿ ರೊಕ್ಕ ಕೈ ಬದಲಾಗಲಿ. ಮಾರುವವರು ಒಂದೇ ರಾಜ್ಯದೊಳಗಾದರೆ 14 ದಿನದಲ್ಲಿ, ಕೊಳ್ಳುವವರು 30 ದಿನದಲ್ಲಿ ತಿಳಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಹಳೇ ಸಾಲ ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಕೇಳಿ ಪಡೆಯಿರಿ.

ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ಆರ್‌ಸಿ ಅವಧಿ, ವಿಮೆ, ಹೊಗೆ ಪತ್ರದ ಸ್ಥಿತಿ ಕಾಣುತ್ತದೆ. ಬಾಕಿ ಚಲನ್ ಕೂಡ ಆನ್‌ಲೈನ್‌ನಲ್ಲೇ ನೋಡಬಹುದು. ಚಾಸಿ ನಂಬರ್, ಇಂಜಿನ್ ನಂಬರ್ ಎರಡನ್ನೂ ಗಾಡಿ ಮೇಲೆ ಕಣ್ಣಾರೆ ಓದಿ ಆರ್‌ಸಿಗೆ ಹೋಲಿಸಿ. ಅಕ್ಷರ ಉಜ್ಜಿದಂತೆ ಇದ್ದರೆ, ಇಂಜಿನ್ ನಂಬರ್ ಬೇರೆ ಇದ್ದರೆ ಅಲ್ಲಿಂದ ವಾಪಸ್ ಬನ್ನಿ. ಕಾರಣ ಕೇಳುತ್ತಾ ನಿಲ್ಲೋದೂ ಬ್ಯಾಡ.

ಆಮೇಲೆ ಪತ್ರಾ: ಒಣ ಊರಿನ ಲಾಭ

ಇಂಜಿನ್ ಇಳಿಸಿ ಹತ್ತಿಸಬಹುದು. ಕೊಳೆತ ಬಾಡಿ ಮಾತ್ರ ರೊಕ್ಕ ನುಂಗುತ್ತಲೇ ಇರುತ್ತದೆ. ಈ ವಿಷಯದಲ್ಲಿ ನಮ್ಮ ಊರಿಗೆ ಒಂದು ಲಾಭ ಐತಿ. ಮಳೆ ಕಡಿಮೆ, ಸಮುದ್ರ ದೂರ. ಕರಾವಳಿ, ಗೋವಾ, ಮುಂಬೈ ಗಾಡಿಗಳಿಗಿಂತ ಕೆಎ-28, ಕೆಎ-29, ಕೆಎ-32 ಗಾಡಿಗಳಿಗೆ ತುಕ್ಕು ಕಡಿಮೆ. ಅದೇ ಮಾದರಿ ಎರಡು ಕಡೆ ಸಿಕ್ಕರೆ ಒಣ ಸೀಮೆಯ ಗಾಡಿ ನೋಡ್ರಿ, ಬಣ್ಣ ಸುಟ್ಟಿದ್ದರೂ ಪರವಾಗಿಲ್ಲ. ಬಣ್ಣ ಹೊಡೆಸಬಹುದು.

ತುಕ್ಕು ಎಲ್ಲಿ ನೋಡಬೇಕು? ಬಾಗಿಲ ಕೆಳಗಿನ ಅಂಚು, ಕಾಲಡಿಯ ಮ್ಯಾಟ್ ಎತ್ತಿ ನೆಲ, ಬ್ಯಾಟರಿ ಕೂರೋ ತಟ್ಟೆ, ಡಿಕ್ಕಿಯಲ್ಲಿ ಸ್ಟೆಪ್ನಿ ಕೆಳಗೆ, ಬಾನೆಟ್ ಎತ್ತಿದರೆ ಎರಡೂ ಬದಿಯಲ್ಲಿ ಸಸ್ಪೆನ್ಷನ್ ಬೋಲ್ಟ್ ಕೂರೋ ಜಾಗ. ಈ ಕೊನೆಯ ಜಾಗದಾಗ ಪತ್ರಾ ಸೀಳಿದ್ದರೆ ಗಾಡಿ ಬಿಡ್ರಿ. ಒಂದು ಸಣ್ಣ ಮ್ಯಾಗ್ನೆಟ್‌ಗೆ ಬಟ್ಟೆ ಸುತ್ತಿಕೊಂಡು ಬಾಡಿ ಮೇಲೆ ಆಡಿಸಿ. ಹಿಡಿಯದ ಕಡೆ ಒಳಗೆ ಪುಟ್ಟಿ ತುಂಬ್ಯಾರ ಅಂತ ಅರ್ಥ.

ಇನ್ನೊಂದು ಎಚ್ಚರ ಗಡಿಭಾಗಕ್ಕೇ ಸಂಬಂಧಿಸಿದ್ದು. 2019ರ ಆಗಸ್ಟ್ ಮತ್ತು 2021ರ ಜುಲೈನಲ್ಲಿ ಸಾಂಗ್ಲಿ, ಕೊಲ್ಹಾಪುರ ಜಿಲ್ಲೆಗಳಲ್ಲಿ ಮಹಾಪೂರ ಬಂದದ್ದು ನೆನಪಿರಬಹುದು. ನೀರಲ್ಲಿ ಮುಳುಗಿ ಎದ್ದ ಕಾರುಗಳೂ ತೊಳೆದು ಮಾರಾಟಕ್ಕೆ ಬರುತ್ತವೆ. ಸೀಟ್ ಬೆಲ್ಟನ್ನು ಪೂರ್ತಿ ಕೊನೆವರೆಗೂ ಎಳೆದು ನೋಡ್ರಿ, ಕೊನೆಯಲ್ಲಿ ಮಣ್ಣಿನ ಗೆರೆ ಇದ್ದರೆ ಅದೇ ಸಾಕ್ಷಿ. ಸೀಟಿನ ಕೆಳಗಿನ ರೇಲಿಗೆ ತುಕ್ಕು, ಹೆಡ್‌ಲೈಟ್ ಒಳಗೆ ಕೆಸರಿನ ಕಲೆ, ಬಾಗಿಲು ಮುಚ್ಚಿ ಕೂತಾಗ ಮುಗ್ಗಲು ವಾಸನೆ ಇದ್ದರೂ ಅದೇ ಕಥೆ. ಅಂಥ ಗಾಡಿಯ ವೈರಿಂಗ್ ಇವತ್ತು ಸರಿ ಇದ್ದರೂ ಮುಂದೆ ಕೈ ಕೊಡುತ್ತದೆ.

ಕೊನೆಗೆ ಇಂಜಿನ್: ತಣ್ಣಗಿದ್ದಾಗಲೇ ನೋಡ್ರಿ

ಮಾರುವವರಿಗೆ ‘ನಾವು ಬರೋತನಕ ಗಾಡಿ ಚಾಲೂ ಮಾಡಬ್ಯಾಡ್ರಿ’ ಅಂತ ಹೇಳಿ ಬೆಳಿಗ್ಗೆ ಹೋಗಿ. ಬಿಸಿ ಇಂಜಿನ್ ಬಹಳ ರೋಗ ಮುಚ್ಚಿಡುತ್ತದೆ. ಚಾಲೂ ಮಾಡಿದಾಗ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಕಪ್ಪು ಹೊಗೆ ಬಂದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಇದು ಸಣ್ಣ ರಿಪೇರಿ. ಆಯಿಲ್ ಮುಚ್ಚಳದ ಒಳಗೆ ಹಾಲಿನ ಕೆನೆಯಂಥದ್ದು ಕಂಡರೆ ಆಯಿಲ್‌ಗೆ ನೀರು ಸೇರಿರುವ ಸಂಶಯ, ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಇಪ್ಪತ್ತು ನಿಮಿಷ ನಿಂತಲ್ಲೇ ಚಾಲೂ ಬಿಟ್ಟು ಟೆಂಪರೇಚರ್ ಮುಳ್ಳು ನೋಡ್ರಿ. ಅರ್ಧಕ್ಕೆ ಬಂದು ನಿಂತು, ಫ್ಯಾನ್ ತಾನೇ ತಿರುಗಿ ಬಂದಾಗಬೇಕು.

ಝೆನ್, ಎಸ್ಟೀಮ್, ಬಲೆನೊ, ಸಿಟಿ ಇಂಜಿನ್‌ಗಳಲ್ಲಿ ಇರೋದು ಟೈಮಿಂಗ್ ಬೆಲ್ಟ್. ‘ಈಗಷ್ಟೇ ಹಾಕ್ಸೀನಿ’ ಅನ್ನೋ ಮಾತಿಗೆ ಬಿಲ್ ಇಲ್ಲದಿದ್ದರೆ ಗಾಡಿ ತಂದ ವಾರವೇ ಹೊಸ ಬೆಲ್ಟ್ ಹಾಕಿಸಿ. ಓಡುವಾಗ ಅದು ಹರಿದರೆ ಇಂಜಿನ್ ನಿಲ್ಲುತ್ತದೆ. ಸಿಟಿಯಂಥ ಇಂಜಿನ್ನಿನಲ್ಲಿ ಪಿಸ್ಟನ್ ಬಡಿದು ವಾಲ್ವೂ ಬಾಗುತ್ತದೆ. ಸಾವಿರಗಳ ಕೆಲಸ ಹತ್ತಾರು ಸಾವಿರಕ್ಕೆ ಹೋಗೋದು ಹಿಂಗ.

ಟೈರ್ ಗೋಟು ನೋಡಿ ಮೋಸ ಹೋಗಬ್ಯಾಡ್ರಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2314 ಅಂತ ಇದ್ದರೆ 2014ರ 23ನೇ ವಾರ ತಯಾರಾದದ್ದು. ನಿಂತ ಗಾಡಿಯ ಟೈರ್ ಹೊಸದರಂತೆ ಕಂಡರೂ ರಬ್ಬರ್ ಒಣಗಿ ಕಲ್ಲಾಗಿರುತ್ತದೆ. ನಮ್ಮ ಬಿಸಿಲಲ್ಲಿ, ಹೈವೇಯಲ್ಲಿ ಅದು ಒಡೆದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ನಮ್ಮ ಬಿಸಿಲು, ಬೋರಿನ ನೀರು, ಎಥೆನಾಲ್

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಹಳೇ ಕಾರಿಗೆ ಮೊದಲ ಶತ್ರು ಅದೇ. ಅದರ ಜೊತೆ ರೇಡಿಯೇಟರಿಗೆ ಬೋರಿನ ಸವಳು ನೀರು ಹಾಕೋ ರೂಢಿ. ಮನೆ ಕೊಡಪಾನದಾಗ ಬಿಳಿ ಪದರು ಕಟ್ಟೋದು ನೋಡೀವಲ್ಲ, ಅದೇ ಪದರು ರೇಡಿಯೇಟರ್ ಕೊಳವೆಯೊಳಗೂ ಕಟ್ಟುತ್ತದೆ. ನೀರು ಓಡಂಗಿಲ್ಲ, ಇಂಜಿನ್ ಕಾಯುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ. ಕೂಲಂಟ್ ಮತ್ತು ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ನೀರು, ಇವೆರಡೇ ಹಾಕಿ. ಎರಿ ಮಣ್ಣಿನ ಧೂಳಿಗೆ ಏರ್ ಫಿಲ್ಟರ್ ಕಂಪನಿ ಹೇಳಿದ್ದಕ್ಕಿಂತ ಬೇಗ ಬದಲಿಸಬೇಕು.

ಈಗ ಪೆಟ್ರೋಲ್‌ನಲ್ಲಿ ಶೇ 20ರವರೆಗೆ ಎಥೆನಾಲ್ ಬರುತ್ತಿದೆ. ಕಬ್ಬು ಬೆಳೆಯೋ ನಮ್ಮ ಭಾಗಕ್ಕೆ ಅದು ಒಳ್ಳೇದು. ಇಪ್ಪತ್ತು ವರ್ಷದ ಹಿಂದಿನ ಕಾರಿನ ರಬ್ಬರ್ ಪೈಪು, ಕಾರ್ಬುರೇಟರ್ ಗ್ಯಾಸ್ಕೆಟ್ ಮಾತ್ರ ಅದಕ್ಕೆಂದು ಮಾಡಿದ್ದಲ್ಲ. ಅವು ಉಬ್ಬಿ, ಬಿರಿದು ಪೆಟ್ರೋಲ್ ಸೋರಬಹುದು. ಬಿಸಿ ಇಂಜಿನ್ ಮೇಲೆ ಸೋರಿದರೆ ಬೆಂಕಿ. ಗಾಡಿ ತಂದ ಕೂಡಲೇ ಟ್ಯಾಂಕಿನಿಂದ ಇಂಜಿನ್‌ವರೆಗಿನ ಎಲ್ಲಾ ರಬ್ಬರ್ ಪೈಪು, ಕ್ಲಿಪ್ಪು ಬದಲಿಸಿಬಿಡಿ. ಎಥೆನಾಲ್ ನೀರಿನ ಅಂಶ ಹೀರುತ್ತದೆ, ಹಾಗಾಗಿ ತಿಂಗಳುಗಟ್ಟಲೆ ಗಾಡಿ ನಿಲ್ಲಿಸಲೂಬಾರದು.

ಏನು ಬದಲಿಸಬಹುದು, ಏನು ಬದಲಿಸಬಾರದು

ಹುಡುಗರು ಜಾಸ್ತಿ ಸಿಕ್ಕಿಬೀಳೋದು ಇಲ್ಲೇ. ಕಂಪನಿ ಕೊಟ್ಟ ಮೂಲ ರಚನೆ ಬದಲಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. 2019ರ ತಿದ್ದುಪಡಿಯ ಪ್ರಕಾರ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ತೊಂದರೆ ಇಲ್ಲದ್ದು: ಹಾಳಾದ ಭಾಗಕ್ಕೆ ಅದೇ ಮಾದರಿಯ ಹೊಸ ಭಾಗ, ಒಳ್ಳೆ ಬ್ರೇಕ್ ಪ್ಯಾಡ್, ಹೊಸ ಶಾಕ್‌ಅಬ್ಸಾರ್ಬರ್, ಸೀಟ್ ಕವರ್, ಕಂಪನಿ ಹೇಳಿದ ಅಳತೆಯ ಟೈರು. ಬಣ್ಣ ಬದಲಿಸೋದಾದರೆ ಆರ್‌ಸಿಯಲ್ಲಿ ಬರೆದ ಬಣ್ಣವನ್ನೂ ತಿದ್ದಿಸಬೇಕು.

ಅನುಮತಿ ಬೇಕಾದದ್ದು: ಬೇರೆ ಇಂಜಿನ್, ಸಿಎನ್‌ಜಿ ಕಿಟ್.

ಕೈ ಹಚ್ಚಬಾರದ್ದು: ಬಾಡಿ ಕತ್ತರಿಸಿ ಅಗಲ ಮಾಡೋದು, ಚಾಸಿ ಕೊಯ್ಯೋದು, ಸ್ಪ್ರಿಂಗ್ ಕತ್ತರಿಸಿ ಗಾಡಿ ಇಳಿಸೋದು, ಸೈಲೆನ್ಸರ್ ತೆಗೆದು ಬರೀ ಪೈಪ್ ಹಾಕೋದು. ಶಬ್ದ, ಹೊಗೆ ಮಿತಿ ಮೀರಿದರೆ ಸೆಕ್ಷನ್ 190ರಡಿ 10,000 ರೂಪಾಯಿವರೆಗೆ ದಂಡ, 3 ತಿಂಗಳವರೆಗೆ ಜೈಲು ಮತ್ತು ಲೈಸೆನ್ಸ್‌ಗೆ ಕುತ್ತು. ಇನ್ನೊಂದು ಮಾತು: ಅನುಮತಿ ಇಲ್ಲದೆ ಬದಲಿಸಿದ ಗಾಡಿ ಅಪಘಾತಕ್ಕೆ ಸಿಕ್ಕರೆ ವಿಮಾ ಕಂಪನಿಗೆ ತಕರಾರು ತೆಗೆಯಲು ನೀವೇ ಕಾರಣ ಕೊಟ್ಟಂತೆ.

‘ನಂದು ವಿಂಟೇಜ್ ಗಾಡಿ, ನನಗೆ ರಿಯಾಯಿತಿ ಐತಿ’ ಅನ್ನೋರೂ ಇದ್ದಾರೆ. 2021ರಲ್ಲಿ ಬಂದ ವಿಂಟೇಜ್ ನಿಯಮ 50 ವರ್ಷ ಮೀರಿದ, ಮೂಲ ರೂಪದಲ್ಲೇ ಇರೋ ಗಾಡಿಗಳಿಗೆ ಮಾತ್ರ. ಹೊಸ ನೋಂದಣಿಗೆ 20,000 ರೂಪಾಯಿ, ದಿನನಿತ್ಯ ಓಡಿಸೋ ಹಂಗೂ ಇಲ್ಲ. ಝೆನ್, ಎಸ್ಟೀಮ್‌ಗೆ ಅದು ಅನ್ವಯಿಸೋದಿಲ್ಲ.

ಕೆಲಸದ ಸರದಿ ಹೀಗಿರಲಿ

ಕೈಯಲ್ಲಿ ಇರೋ ರೊಕ್ಕದಾಗ ಅರ್ಧಕ್ಕಿಂತ ಜಾಸ್ತಿ ಗಾಡಿಗೇ ಕೊಡಬ್ಯಾಡ್ರಿ. ಉಳಿದರ್ಧ ಕಾಗದ ಮತ್ತು ರಿಪೇರಿಗೆ. ರಿಪೇರಿಯಲ್ಲೂ ಒಂದು ಸರದಿ ಇದೆ. ಮೊದಲು ನಿಲ್ಲೋದು: ಬ್ರೇಕ್, ಟೈರ್, ಸಸ್ಪೆನ್ಷನ್ ಬುಷ್, ಸ್ಟೇರಿಂಗ್. ಎರಡನೇದು ಸುರಕ್ಷೆ: ಪೆಟ್ರೋಲ್ ಪೈಪು, ವೈರಿಂಗ್, ಲೈಟು, ಸೀಟ್ ಬೆಲ್ಟ್. ಮೂರನೇದು ತಂಪು: ರೇಡಿಯೇಟರ್, ಥರ್ಮೋಸ್ಟಾಟ್, ವಾಟರ್ ಪಂಪು, ಅದರ ಜೊತೆಗೇ ಬೆಲ್ಟು. ನಾಲ್ಕನೇದು ಇಂಜಿನ್ ಟ್ಯೂನಿಂಗ್. ಬಣ್ಣ, ಚಕ್ರ, ಮ್ಯೂಸಿಕ್ ಎಲ್ಲಕ್ಕಿಂತ ಕೊನೆಗೆ. ಬಹಳ ಮಂದಿ ಇದನ್ನು ತಿರುವು ಮುರುವು ಮಾಡ್ತಾರ. ಬಣ್ಣಕ್ಕೆ ರೊಕ್ಕ ಮುಗಿಸಿ, ಬ್ರೇಕ್ ಇಲ್ಲದ ಚಂದದ ಗಾಡಿ ಇಟ್ಟುಕೊಂಡು ಕೂರ್ತಾರ.

ರಸ್ತೆ ಅಂದ್ರ ರೇಸ್ ಟ್ರ್ಯಾಕ್ ಅಲ್ಲ

ಭೂತನಾಳ ಕೆರೆ ಕಡೆ ಬೆಳಿಗ್ಗೆ ವಾಕಿಂಗ್ ಮಾಡೋ ಹಿರಿಯರಿರ್ತಾರ. ತೊರವಿ ಹತ್ತಿರ ಮಹಿಳಾ ವಿಶ್ವವಿದ್ಯಾಲಯದ ಹೆಣ್ಣುಮಕ್ಕಳು ಬಸ್ಸಿಗೆ ನಿಂತಿರ್ತಾರ. ಅಥಣಿ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ದೀಪ ಇಲ್ಲದೆ ಬರುತ್ತದೆ. ಏರ್‌ಬ್ಯಾಗ್ ಇಲ್ಲದ, ಎಬಿಎಸ್ ಇಲ್ಲದ, ಇಪ್ಪತ್ತು ವರ್ಷದ ಗಾಡಿಯನ್ನು ಇಲ್ಲಿ ನೂರರ ಮೇಲೆ ಓಡಿಸೋದು ಧೈರ್ಯ ಅಲ್ಲ. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡಿದರೆ ಮೊದಲ ಸಲವೇ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ. 18 ತುಂಬದ ತಮ್ಮನ ಕೈಗೆ ಕೀ ಕೊಟ್ಟು ಅವನು ಅಪರಾಧ ಮಾಡಿದರೆ ಪಾಲಕರು ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು, ಗಾಡಿ ನೋಂದಣಿ ಒಂದು ವರ್ಷ ರದ್ದು.

ವೇಗದ ಆಸೆ ಇದ್ದವರಿಗೆ ದಾರಿ ಇಲ್ಲ ಅಂತಲ್ಲ. ಬೆಂಗಳೂರು ಭಾಗದ ಕೆ-1000 ರ‍್ಯಾಲಿಗೆ ದಶಕಗಳ ಇತಿಹಾಸ ಇದೆ. ಚೆನ್ನೈ, ಕೊಯಮತ್ತೂರಿನಲ್ಲಿ ರೇಸ್ ಟ್ರ್ಯಾಕ್‌ಗಳಿವೆ. ದೇಶದ ಮೋಟಾರ್ ಕ್ರೀಡೆ ನೋಡಿಕೊಳ್ಳೋ ಎಫ್‌ಎಂಎಸ್‌ಸಿಐ ಸಂಸ್ಥೆಯಿಂದ ಲೈಸೆನ್ಸ್ ಪಡೆದರೆ, ಹೆಲ್ಮೆಟ್, ಆಂಬುಲೆನ್ಸ್, ನಿಯಮ ಎಲ್ಲಾ ಇರೋ ಕಡೆ ಓಡಿಸಬಹುದು. ಹಳೇ ಎಸ್ಟೀಮ್ ಹೆಸರು ಮಾಡಿದ್ದೂ ಅಂಥ ಕಡೆಯೇ.

ಹಂಗಾದ್ರ ಯಾವುದು ತಗೋಬೇಕು?

ಮೊದಲ ಸಲ ಕೊಳ್ಳೋರಿಗೆ: ಆರ್‌ಸಿ ಚಾಲ್ತಿ ಇರೋ, ಇಲ್ಲಿನದೇ ನಂಬರಿನ ಎಂಪಿಎಫ್‌ಐ ಝೆನ್. ವಿಮೆ ಕಡಿಮೆ, ಸಾಮಾನು ಸಿಗುತ್ತದೆ, ರಿಪೇರಿ ಕಲಿಯಲು ಸಲೀಸು.

ಮನೆಮಂದಿಯೂ ಕೂರಬೇಕು, ಹೈವೇಗೂ ಬೇಕು ಅಂದ್ರ: 85 ಬಿಎಚ್‌ಪಿಯ ಎಸ್ಟೀಮ್. ಪತ್ರಾ ಒಣಗಿದ್ದು, ಪುಟ್ಟಿ ಇಲ್ಲದ್ದು ಹುಡುಕಿ.

ಸಿಟಿ ವಿಟೆಕ್: ಒಬ್ಬರೇ ಮಾಲೀಕರ ಕೈಯಲ್ಲಿದ್ದು, ಸರ್ವಿಸ್ ಬಿಲ್ ಇದ್ದರೆ ಮಾತ್ರ. ಆರು ತಿಂಗಳು ಕಾಯಬೇಕಾದರೂ ಕಾಯಿರಿ.

1.6 ಲೀಟರ್ ಗಾಡಿಗಳು: ಆ ಗಾಡಿಯನ್ನೇ ಬಲ್ಲ ಮಿಸ್ತ್ರಿ ನಿಮಗೆ ಪರಿಚಯ ಇದ್ದು, ವರ್ಷಕ್ಕೆ 9,300 ರೂಪಾಯಿ ಥರ್ಡ್ ಪಾರ್ಟಿ ವಿಮೆ ಭಾರ ಅನಿಸದಿದ್ದರೆ.

ಕಾಂಟೆಸಾ, ಪದ್ಮಿನಿ: ಮನೆಯಲ್ಲಿ ಓಡಾಡಲು ಇನ್ನೊಂದು ಗಾಡಿ ಇದ್ದವರಿಗೆ.

ಗಾಡಿ ನೋಡಲು ಹೋಗುವಾಗ ಗೆಳೆಯರ ಗುಂಪು ಕಟ್ಟಿಕೊಂಡು ಹೋಗಬ್ಯಾಡ್ರಿ, ಒಬ್ಬ ಮಿಸ್ತ್ರಿ ಕಾಕಾನ್ನ ಕರ್ಕೊಂಡು ಹೋಗ್ರಿ. ಅವರಿಗೆ ಒಂದು ಹೊತ್ತಿನ ಕೂಲಿ ಕೊಟ್ಟರೂ ಅಗ್ಗ. ಗೆಳೆಯರು ‘ತಗೋಳ್ಲೇ, ಮಸ್ತ್ ಐತಿ’ ಅಂತಾರ. ಕಾಕಾ ಕೆಳಗೆ ಬಗ್ಗಿ ನೋಡಿ ‘ಬ್ಯಾಡ ಬಿಡಪಾ’ ಅಂದರೆ ಮರು ಮಾತಾಡದೆ ಎದ್ದು ಬನ್ನಿ. ಶುಲ್ಕ, ತೆರಿಗೆ ದರಗಳು ಆಗಾಗ ಬದಲಾಗುತ್ತವೆ, ಮುಂಗಡ ಕೊಡೋ ಮುಂಚೆ ಪರಿವಾಹನ್ ಜಾಲತಾಣದಲ್ಲಿ ಅಥವಾ ಆರ್‌ಟಿಒ ಕಚೇರಿಯಲ್ಲಿ ಆ ದಿನದ ದರ ಕೇಳಿ ಖಾತ್ರಿ ಮಾಡಿಕೊಳ್ಳಿ.